ಮುಚ್ಚಳ ತೆಗೆದ ಮೇಲೆ ಹತ್ತು ನಿಮಿಷ

ಮಂಗಳವಾರ, ಬೆಳಗಿನ ಆರೂ ಕಾಲು.
ಈ ಹೊತ್ತಿಗೆ ಕಲಬುರಗಿ ಒಂದೇ ಸಲ ಮುಖ ತೊಳೆಯುತ್ತದೆ.
ದಾಲ್ ಮಿಲ್ಲಿನ ಹಿಂದೆ, ಹೊಟ್ಟು ಹಾರಿ ಹಳದಿಯಾದ ಗೋಡೆಯ ಬುಡದಲ್ಲಿ
ಜೆಟ್ಟೆಪ್ಪ ಕಬ್ಬಿಣದ ಕೊಕ್ಕೆ ಹಾಕಿ
ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ಬದಿಗಿಟ್ಟು
ಬೀಡಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ. ಹಚ್ಚುವುದಿಲ್ಲ.
'ತಡೀರಿ ಮೇಡಂ. ಅದು ಮೊದಲ ತನ್ನ ಉಸಿರು ಬಿಡ್ಲಿ.'

ಹತ್ತು ನಿಮಿಷ. ಯಾವ ಸುತ್ತೋಲೆಯಲ್ಲೂ ಇಲ್ಲದ ಅವನ ಕಾನೂನು.
ಅವನ ಅಣ್ಣ ಐದು ನಿಮಿಷ ಕಾದಿದ್ದನಂತೆ.
ಮುಂದಿನದನ್ನು ಅವನು ಹೇಳಿಲ್ಲ, ನಾನು ಕೇಳಿಲ್ಲ.

ಆಮೇಲೆ ಹಗ್ಗ, ಹಗ್ಗದ ತುದಿಗೆ ಸ್ಟೀಲಿನ ಚಂಬು,
ಚಂಬಿನಿಂದ ಬಾಟಲಿಗೆ ಒಂದು ಲೀಟರು. ಐಸ್ ಪೆಟ್ಟಿಗೆ.
ಬಾಟಲಿಯ ಮೈಮೇಲೆ ಚೀಟಿ:
ಜಾಗ, ತಾರೀಖು, ಹೊತ್ತು, ನೀರಿನ ಬಿಸಿ.
ಹೆಸರಿಗೆ ಕಾಲಮ್ಮಿಲ್ಲ.

ಮಿಲ್ಲಿನ ಸೇಠಜಿ, ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸಾಬವ್ವ,
ಹಾಸ್ಟೆಲಿನ ಇನ್ನೂರು ಹುಡುಗರು, ನಿವೃತ್ತ ತಹಶೀಲ್ದಾರರ ಮಡಿ ಬಚ್ಚಲು,
ಫಜರ್ ನಮಾಜಿಗೆ ಕೈಕಾಲು ತೊಳೆದ ನನ್ನ ಅಬ್ಬಾ,
ಲಾಡ್ಜಿನಲ್ಲಿ ಒಂದು ರಾತ್ರಿ ತಂಗಿ ಹೈದರಾಬಾದಿಗೆ ಹೋದವನು ಯಾರೋ,
ಎದುರು ಸಿಕ್ಕರೆ ಒಬ್ಬರ ನೀರು ಒಬ್ಬರು ಮುಟ್ಟದವರು
ಒಂದೇ ಬಾಟಲಿಯಲ್ಲಿ, ಬೂದಿ ಬಣ್ಣದಲ್ಲಿ, ಸುಮ್ಮನಿದ್ದಾರೆ.

ಹುಡುಗಿ ನೋಡಲು ಬಂದವರಿಗೆ ಅಮ್ಮಿ
ನನ್ನದು ನೀರಿನ ಇಲಾಖೆ ಅನ್ನುತ್ತಾಳೆ.
ಸುಳ್ಳೇನಲ್ಲ.

ಲ್ಯಾಬಿನಲ್ಲಿ ಸೋಸುತ್ತೇನೆ, ಗಿರಗಿರ ತಿರುಗಿಸುತ್ತೇನೆ, ಹಿಂಡುತ್ತೇನೆ,
ಲೀಟರು ಕೊನೆಗೆ ಮೂಗುತಿಯ ಹರಳಿನಷ್ಟಾಗುತ್ತದೆ.
ಯಂತ್ರ ಅದನ್ನು ಕಾಯಿಸಿ, ಆರಿಸಿ, ಕಾಯಿಸಿ, ಆರಿಸಿ
ಒಂದನ್ನು ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ
ಎಣಿಸುತ್ತದೆ. ಸುತ್ತು ಹೆಚ್ಚು ಬೇಕಾದಷ್ಟೂ ಒಳ್ಳೆಯದು:
ರೋಗ ದೂರ ಇದೆ, ತುಂಬ ಕೂಗಿದ ಮೇಲೆ ಓಗೊಡುತ್ತಿದೆ ಅಂತ.
ಹೋದ ತಿಂಗಳೆಲ್ಲ ಮೂವತ್ತೆಂಟಕ್ಕೆ ಏಳುತ್ತಿದ್ದ ಗೆರೆ.
ಹೋದ ವಾರ ಮೂವತ್ತೈದು.
ಇವತ್ತು ಇಪ್ಪತ್ತೊಂಬತ್ತನೇ ಕೂಗಿಗೇ
'ಓ' ಅಂದಿತು, ಪಕ್ಕದ ಕೋಣೆಯಿಂದ ಅಂದ ಹಾಗೆ.

ಇನ್ನೊಂದು ಸಲ ಮಾಡಿದೆ. ಇಪ್ಪತ್ತೊಂಬತ್ತು.
ಶುದ್ಧ ನೀರಿನ ಕುಳಿ ಮಾತ್ರ ಬಾಯಿ ಬಿಡಲಿಲ್ಲ.
ವರದಿ ಮೇಲಕ್ಕೆ ಹೋಯಿತು,
ನೀರು ಕೆಳಕ್ಕೆ. ನಾನು ಸ್ಕೂಟಿ ಹತ್ತಿ ಮನೆಗೆ.

ಊರಿನಲ್ಲಿ ಯಾರೂ ಕೆಮ್ಮುತ್ತಿಲ್ಲ ಇನ್ನೂ.
ಸೂಪರ್ ಮಾರ್ಕೆಟಿನಲ್ಲಿ ಮೂವರು ಹುಡುಗಿಯರು ಒಂದೇ ಐಸ್‌ಕ್ರೀಮು ನೆಕ್ಕುತ್ತಿದ್ದಾರೆ.
ಕಂಡಕ್ಟರ್ ಬೆರಳು ನಾಲಿಗೆಗೆ ಮುಟ್ಟಿಸಿ ನೋಟು ಎಣಿಸುತ್ತಾನೆ.
ಆಪಾಳ ಮಗಳ ಶಾಲೆಯಲ್ಲಿ ಶನಿವಾರ ಗ್ಯಾದರಿಂಗು, ಅವಳು ಚಿಟ್ಟೆ,
ಹಲ್ಲಿನಲ್ಲಿ ದಾರ ಕಡಿಯುತ್ತ ಆಪಾ ರೆಕ್ಕೆಗೆ ಜರಿ ಹಚ್ಚುತ್ತಿದ್ದಾಳೆ.
ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ.
ಹೇಳುವಂತಿಲ್ಲ, ಸಹಿ ಮಾಡಿದ್ದೇನೆ.
'ಶನಿವಾರ ಬರ್ತೀಯಲ್ಲ?' ಅಂದಳು.
ಬರ್ತೀನಿ ಅಂದೆ.

ಗುರುವಾರ ಫೋನು. ಪತ್ರಿಕೆಯವನು, ಎಲ್ಲೋ ವಾಸನೆ ಹಿಡಿದಿದ್ದಾನೆ.
'ಯಾವ ಓಣಿ ಅಂತ ಅಷ್ಟ ಹೇಳ್ರಿ. ನಿಮ್ಮ ಹೆಸರು ಹಾಕಂಗಿಲ್ಲ.'
ಅವನ ದನಿಯಲ್ಲೇ ಎರಡು ಮೂರು ಓಣಿಗಳು ಆಗಲೇ ತಯಾರಾಗಿದ್ದವು,
ಒಂದರಲ್ಲಿ ನಮ್ಮ ಮನೆ.
'ನೀರು ಓಣಿ ಕೇಳ್ಕೊಂಡು ಹರಿಯಂಗಿಲ್ರಿ.'
'ಹಂಗಾದ್ರ ಏನಂತ ಬರೀಲಿ?'
'ಊರು ಅಂತ ಬರೀರಿ.'
ಫೋನು ಇಟ್ಟ.

ಶುಕ್ರವಾರ ಸಂಜೆ ಆಪಾಳ ಮೊಬೈಲಿಗೆ ಶಾಲೆಯ ಸಂದೇಶ:
ಕಾರಣಾಂತರಗಳಿಂದ ಗ್ಯಾದರಿಂಗು ಮುಂದಕ್ಕೆ.
ಕೂಸು ರೆಕ್ಕೆ ಕಟ್ಟಿಕೊಂಡೇ ಅತ್ತು ಮಲಗಿತು.
ಆಪಾ ಶಾಲೆಯವರನ್ನು ಬೈದಳು.
ನಾನೂ ಎರಡು ಮಾತು ಸೇರಿಸಿದೆ.

ಮಂಗಳವಾರ. ಆರೂ ಕಾಲು.
ಮುಚ್ಚಳ ಬದಿಗೆ, ಬೀಡಿ ಕಿವಿಗೆ.
ಜೆಟ್ಟೆಪ್ಪನ ಮೂಗು ಬಾಯಿಗೆ ಇವತ್ತು ಟವೆಲ್ಲು;
ನಾನು ಏನೂ ಹೇಳಿರಲಿಲ್ಲ.
'ನಿಮ್ಮ ಮಾರಿ ನೋಡಿ ಗೊತ್ತಾಯ್ತ್ರಿ,' ಅಂದ.
ಕೆಳಗೆ ಊರು ಹರಿಯುತ್ತಿತ್ತು.
ಐದನೆಯ ನಿಮಿಷದಲ್ಲಿ ಅವನು ಬೇರೆ ಕಡೆ ನೋಡಿದ.
ಆಮೇಲೆ ಇನ್ನೂ ಐದು.